ಹಿಂದಿನ ಸೀಟಿನಲ್ಲಿದ್ದವರು

ನವೆಂಬರ್ ೪, ಮಂಗಳವಾರ

ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ಈ ಊರಿನಲ್ಲಿ ನನ್ನಷ್ಟು ಸುಖಿ ಇನ್ನೊಬ್ಬಳಿಲ್ಲ! ಜಂಬ ಅನ್ನುವವರು ಅನ್ನಲಿ. ಇದನ್ನು ಓದುವವರು ಯಾರೂ ಇಲ್ಲ, ಅದಕ್ಕೇ ಇಷ್ಟು ಧೈರ್ಯ.

ಮಾವನವರದು ಹಾಸಿಗೆ ಕಾರ್ಖಾನೆ. ಈ ಮಾತು ಕೇಳಿ ನನ್ನ ಕಾನ್ವೆಂಟ್ ಗೆಳತಿಯರು ಬಿದ್ದು ಬಿದ್ದು ನಕ್ಕಿದ್ದರು. "ಸರಿಯಾದ ಮನೆಗೇ ಸೇರಿದೆ ಬಿಡೇ!" ನನ್ನವನು ಅಲ್ಲಿ ಮಾರಾಟದ ಕಡೆ ನೋಡಿಕೊಳ್ಳುತ್ತಾನೆ. ಸಂಜೆ ಮನೆಗೆ ಬಂದರೆ ಅಂಗಿಯ ತುಂಬ ಸ್ಪಂಜಿನ ಪುಡಿ, ಕೈಯಲ್ಲಿ ಗೋಂದಿನ ವಾಸನೆ. ನನಗೆ ಅದೇ ಸೆಂಟು.

ಅವನು ನನಗೆ ಗಿಲಕಿ ಅಂತ ಹೆಸರಿಟ್ಟಿದ್ದಾನೆ. ಎಳೆಮಕ್ಕಳ ಕೈಯಲ್ಲಿರುತ್ತದಲ್ಲ, ಅದು. ಸ್ವಲ್ಪ ಅಲುಗಿಸಿದರೆ ಸಾಕು, ನಾನು ಸದ್ದು ನಿಲ್ಲಿಸುವುದೇ ಇಲ್ಲವಂತೆ! ಇದು ನಮ್ಮಿಬ್ಬರ ನಡುವಿನ ಹೆಸರು. ಅತ್ತೆ ಮಾವನಿಗೂ ಗೊತ್ತಿಲ್ಲ. ಆದರೆ ನಿನ್ನೆ ಕಾರಿನಲ್ಲಿ ನಾನು ಪರದೆ ಬಟ್ಟೆಯ ಬಗ್ಗೆ ಒಂದೇ ಸಮನೆ ಹೇಳುತ್ತಿದ್ದಾಗ "ಸಾಕು ಕಣೇ ಗಿಲಕಿ" ಅಂದುಬಿಟ್ಟ. ಮುಂದೆ ಕೂತಿದ್ದ ಡ್ರೈವರ್‌ನ ಭುಜ ಕುಲುಕಾಡಿತು. ನಕ್ಕಿದ್ದು! ನನಗೆ ನಾಚಿಕೆಯಿಂದ ಸೀಟಿನಡಿ ಸೇರಿಕೊಳ್ಳುವ ಹಾಗಾಯಿತು. ಮನೆ ಬರುವವರೆಗೂ ಗಂಡನ ತೊಡೆ ಚಿವುಟುತ್ತಲೇ ಇದ್ದೆ.

ಇವತ್ತು ಇವನ ಬಟ್ಟೆಯ ಕಪಾಟು ಖಾಲಿ ಮಾಡಿದೆ. ಒಂದು ಕೆನೆ ಬಣ್ಣದ ಸ್ವೆಟರ್ ಇತ್ತು, ಬಹಳ ಒಳ್ಳೆಯದು, ಆದರೆ ಕತ್ತಿಗೆ ಚುಚ್ಚುತ್ತದೆ ಅಂತ ಇವನು ತೊಡುವುದಿಲ್ಲ. ಡ್ರೈವರ್‌ಗೆ ಕೊಟ್ಟೆ. ಅವನು ಅಲ್ಲೇ ಹಾಕಿಕೊಂಡು ಕಾರಿನ ಗಾಜಿನಲ್ಲಿ ನೋಡಿಕೊಂಡು, "ಈಗ ನನ್ನನ್ನೇ ಯಾರಾದ್ರೂ ಸಾರ್ ಅಂತಾರೆ ಮೇಡಂ" ಅಂದ.

ಅತ್ತೆ ಕಿಟಕಿಯಿಂದ ನೋಡಿದ್ದರು. "ಬಂದು ತಿಂಗಳಾಗಿಲ್ಲ, ಆಗಲೇ ನನ್ನ ಮಗನ ಬಟ್ಟೆ ದಾನಕ್ಕೆ ಹೊರಟ್ತಾ?" ಆಮೇಲೆ ತಿಂಡಿಯ ಹೊತ್ತಿಗೆ ಇನ್ನೊಂದು: "ಗಂಡನ್ನ ನೀನು ತಾನು ಅಂತೀಯಲ್ಲಮ್ಮ, ಇಂಗ್ಲಿಷ್ ಸ್ಕೂಲಲ್ಲಿ ನೀವು ಅಂತ ಹೇಳಿಕೊಡಲ್ವಾ?" ಇಂಗ್ಲಿಷಿನಲ್ಲಿ ಎರಡೂ ಒಂದೇ ಅತ್ತೆ ಅಂದೆ. ಮಾವ ಟೀ ಬಾಯಲ್ಲಿಟ್ಟುಕೊಂಡೇ ನಕ್ಕು ಕೆಮ್ಮಿದರು.

ಗುರುವಾರ ಪಕ್ಕದ ಊರಿನ ಹೋಟೆಲಿಗೆ ಹಾಸಿಗೆ ಇಳಿಸುವ ಕೆಲಸವಿದೆ. ಅಂಥ ದಿನ ಬೆಳಗಿನ ಜಾವದಿಂದ ಓಡಾಡುವ ಡ್ರೈವರ್ ಸುಸ್ತಾಗಿರುತ್ತಾನೆ ಅಂತ, ವಾಪಸು ಬರುವಾಗ ಇವನೇ ಕಾರು ಓಡಿಸುತ್ತಾನೆ. ಡ್ರೈವರ್ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಾನಂತೆ! ಯಾವ ಯಜಮಾನ ಹಾಗೆ ಮಾಡುತ್ತಾನೆ ಹೇಳಿ? ನನ್ನವನು ಮಾಡುತ್ತಾನೆ.

ನವೆಂಬರ್ ೭, ಶುಕ್ರವಾರ

ಇದನ್ನು ಬರೆಯಲೇಬೇಕು. ನನ್ನವನು ಬದುಕಿ ಮನೆಗೆ ಬಂದಿದ್ದಾನೆ. ಅದೊಂದೇ ಮುಖ್ಯ. ಉಳಿದದ್ದೆಲ್ಲ ಆಮೇಲೆ.

ನಿನ್ನೆ ಸಂಜೆ ಹೋಟೆಲಿನ ಕೆಲಸ ಮುಗಿಸಿ ಬರುವಾಗ, ರೈಲ್ವೆ ಗೇಟು ದಾಟಿದ ಮೇಲೆ ಒಂದು ವ್ಯಾನು ಅಡ್ಡ ನಿಂತಿತಂತೆ. ಮುಸುಕು ಹಾಕಿದ ಮೂರ್ನಾಲ್ಕು ಜನ. ಇವನ ಕಿವಿಯ ಮೇಲೊಂದು ಬಾರಿಸಿ, ಕಾರಿನಿಂದ ಹೊರಗೆಳೆದು ಚರಂಡಿಗೆ ನೂಕಿ, ಕಾರನ್ನೂ ಹಿಂದೆ ಮಲಗಿದ್ದ ಡ್ರೈವರ್‌ನನ್ನೂ ಒಯ್ದಿದ್ದಾರೆ. ಯಾವುದೋ ಹಾಲಿನ ಲಾರಿಯಲ್ಲಿ ಇವನು ಮನೆಗೆ ಬಂದ. ಮೈಯೆಲ್ಲ ಕೆಸರು, ಒಂದು ಕಿವಿ ಬದನೆಕಾಯಿ ಬಣ್ಣ. ನಾನು ಅಪ್ಪಿಕೊಂಡು ಅತ್ತೆ ಎದುರೇ ಗೋಳೋ ಅಂತ ಅತ್ತೆ, ನಕ್ಕೆ, ಮತ್ತೆ ಅತ್ತೆ.

ಇವನ ಫೋನು ಕಾರಿನಲ್ಲೇ ಉಳಿದಿತ್ತು. ಸ್ವಲ್ಪ ಹೊತ್ತಿಗೆ ನನ್ನ ಫೋನಿನಲ್ಲಿ ಇವನ ಫೋಟೋ ಮಿನುಗುತ್ತ ರಿಂಗಾಯಿತು. ಇವನು ಪಕ್ಕದಲ್ಲೇ ಕಿವಿಗೆ ಐಸ್ ಒತ್ತಿಕೊಂಡು ಕೂತಿದ್ದಾನೆ, ಅತ್ತ ಇವನೇ ಕರೆಯುತ್ತಿದ್ದಾನೆ! ಎಲ್ಲರೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ಒರಟು ದನಿ. "ನಿನ್ನ ಗಂಡ ನಮ್ಮ ಹತ್ರ ಇದಾನೆ." ಆಮೇಲೆ ಒಂದು ಮೊತ್ತ ಹೇಳಿದ. ಮಾವ ಕುರ್ಚಿ ಹಿಡಿದು ಕೂತರು. "ನಂಬಿಕೆ ಇಲ್ವಾ? ತಗೋ, ಅವನೇ ಮಾತಾಡ್ತಾನೆ."

ಆಗ ಆ ಡ್ರೈವರ್ ಏನಂದ ಗೊತ್ತೇ? "ಗಿಲಕಿ, ನಾನು ಕಣೇ. ಹೆದರ್ಕೋಬೇಡ. ಅಪ್ಪಂಗೆ ಹೇಳು, ಇವರು ಕೇಳಿದ್ದು ಕೊಡ್ಲಿ. ನಂಗೇನೂ ಆಗಿಲ್ಲ."

ಗಿಲಕಿ! ಅತ್ತೆ ಮಾವನ ಎದುರಿಗೆ! ನನ್ನ ಮುಖಕ್ಕೆ ರಕ್ತ ನುಗ್ಗಿತು. ಇವನು ಬದುಕಿ ಬಂದ ಸಂತೋಷದಲ್ಲಿ ನಗುವೂ ಬರುತ್ತಿತ್ತು, ಆ ಹೆಸರು ಕೇಳಿ ಸಿಟ್ಟೂ ಬಂತು. "ಏನ್ರೀ ಇದು, ಯಾರಿಗೆ ಕಣೇ ಅಂತೀರಿ! ನನ್ನ ಗಂಡ ಇಲ್ಲೇ ನನ್ನ ಪಕ್ಕದಲ್ಲಿ ಕೂತಿದಾನೆ. ನೀವು ಹಿಡ್ಕೊಂಡು ಹೋಗಿರೋದು ನಮ್ಮ ಡ್ರೈವರ್‌ನ!" ಅಂದುಬಿಟ್ಟೆ. ಆ ಕಡೆಯಿಂದ ಡ್ರೈವರ್ ಏನೋ ಅಂದ. ಫೋನ್ ಕಟ್ ಆಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಮಾವ ಉಸಿರು ಬಿಟ್ಟು, "ಸದ್ಯ. ತಪ್ಪು ಗೊತ್ತಾಯ್ತಲ್ಲ, ಬೆಳಗಾಗೋದ್ರೊಳಗೆ ಬಿಟ್ಟು ಹೋಗ್ತಾರೆ. ಡ್ರೈವರ್‌ನ ಇಟ್ಕೊಂಡು ಏನು ಮಾಡ್ತಾರೆ, ಸಂಬಳ ಕೊಡ್ತಾರಾ?" ಅಂದರು. ಎಲ್ಲರೂ ನಕ್ಕೆವು. ನಾನೇ ಎಲ್ಲರಿಗಿಂತ ಜೋರಾಗಿ.

ಅತ್ತೆ ಮಾತ್ರ ನನ್ನನ್ನು ನೋಡಿ, "ಗಿಲಕಿ ಅಂದ್ರೆ ಯಾರು?" ಅಂದರು. ಅಯ್ಯೋ, ನಾಚಿಕೆಗೇಡು!

ನವೆಂಬರ್ ೮, ಶನಿವಾರ

ಡ್ರೈವರ್ ಇನ್ನೂ ಬಂದಿಲ್ಲ.

ಮಾವ ಇವತ್ತು ಪೊಲೀಸರಿಗೆ ತಿಳಿಸಿದರು. ಇನ್‌ಸ್ಪೆಕ್ಟರ್ ಬರುವ ಮುಂಚೆ ನಮ್ಮನ್ನೆಲ್ಲ ಊಟದ ಮೇಜಿನ ಸುತ್ತ ಕೂರಿಸಿ, ಶೋರೂಮಿನಲ್ಲಿ ಗಿರಾಕಿಗೆ ಏನು ಹೇಳಬೇಕೆಂದು ಹುಡುಗರಿಗೆ ಕಲಿಸುವಂತೆಯೇ ಕಲಿಸಿದರು. "ಫೋನ್ ಬಂತು, ದುಡ್ಡು ಕೇಳಿದ್ರು, ಕಟ್ ಆಯ್ತು. ಅಷ್ಟೇ. ಸುಳ್ಳಲ್ಲವಲ್ಲ? ನಡುವಿಂದು ಯಾಕೆ? ಸುಮ್ನೆ ಹೆಣ್ಣುಮಗಳ ಹೆಸರು ಬರುತ್ತೆ." ನನಗೋಸ್ಕರವೇ ಅಂದರು. ನಿಜಕ್ಕೂ ಒಳ್ಳೆಯ ಮನಸ್ಸು. ನಾನೂ ಹಾಗೇ ಹೇಳಿದೆ, ಇನ್‌ಸ್ಪೆಕ್ಟರ್ ಬರೆದುಕೊಂಡರು.

ಮಧ್ಯಾಹ್ನ ಡ್ರೈವರ್‌ನ ಹೆಂಡತಿ ಬಂದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳಂತೆ. ಕೆಲಸದಿಂದ ನೇರ ಬಂದಿದ್ದಳು, ಬಟ್ಟೆಯಿಂದ ಬಿಸಿ ಹತ್ತಿಯ ವಾಸನೆ. ಸೋಫಾ ತೋರಿಸಿದರೂ ಕೂರಲಿಲ್ಲ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

"ಅಮ್ಮಾವ್ರೇ, ಫೋನ್ ಬಂದಿತ್ತಂತೆ. ಅವರು ಮಾತಾಡಿದ್ರಾ?"

"ಇಲ್ಲಮ್ಮ. ಕಟ್ ಆಯ್ತು," ಅಂದರು ಅತ್ತೆ.

"ದುಡ್ಡು ಕೇಳಿದಾರೆ ಅಂದ್ರೆ ಜೋಪಾನವಾಗೇ ಇಟ್ಕೊಂಡಿರ್ತಾರೆ ಅಲ್ವಾ? ಬೆಲೆ ಇರೋ ವಸ್ತುನ ಯಾರಾದ್ರೂ ಹಾಳು ಮಾಡ್ಕೋತಾರಾ?" ಅಂತ ನನ್ನನ್ನು ನೋಡಿದಳು.

ನಾನು ಹೌದು ಅಂದೆ. ಟೀ ಮಾಡಿಕೊಡುತ್ತೇನೆ ಅಂತ ತಿರುಗಿದೆ. ಟೀಗೆ ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಿಲ್ಲ, ಅವಳು ಏನೂ ಹೇಳದೆ ಕುಡಿದಳು. ಹೋಗುವಾಗ ನನ್ನ ಕೈ ಹಿಡಿದು "ನಿಮ್ಮ ಸ್ವೆಟರ್ ಬೆಚ್ಚಗಿದೆ ಅಂತ ದಿನಾ ಹೇಳೋರು ಮೇಡಂ" ಅಂದಳು. ದಿನಾ ಅಂದರೆ ಎರಡು ದಿನ.

ನವೆಂಬರ್ ೧೦, ಸೋಮವಾರ

ನಾವು ಮೊದಲ ಸಲ ಜಗಳವಾಡಿದೆವು. ಬಚ್ಚಲುಮನೆಯಲ್ಲಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, ಹೊರಗೆ ಕೇಳಬಾರದು ಅಂತ.

ಇವನು ಗಡ್ಡ ಹೆರೆಯುತ್ತಿದ್ದ. ಕನ್ನಡಿಯಲ್ಲೇ ನನ್ನನ್ನು ನೋಡುತ್ತ, "ನಿಂಗೆ ಒಂದು ಹೇಳ್ಬೇಕು" ಅಂದ. ಅವತ್ತು ವ್ಯಾನಿನವರು ಬಾಗಿಲು ತೆಗೆದಾಗ ಇವನ ಅಂಗಿಯ ಮೇಲೆ ಸ್ಪಂಜಿನ ಪುಡಿ ಇತ್ತಂತೆ. ಹಿಂದೆ ಡ್ರೈವರ್ ಕೆನೆ ಬಣ್ಣದ ಸ್ವೆಟರ್ ಹಾಕಿಕೊಂಡು ಮಲಗಿದ್ದ. "ಏ ಡ್ರೈವರ್, ಇಳಿಯೋ" ಅಂದರಂತೆ. ಇವನು ಇಳಿದ.

"ಅಂದ್ರೆ ಅವರು ನೂಕಲಿಲ್ವಾ?"

"ನೂಕಿದ್ರು. ಇಳಿದ್ಮೇಲೆ."

ನಾನು ಮೊದಲು ಅಂದಿದ್ದು ಬರೆಯುತ್ತೇನೆ: "ಒಳ್ಳೇದೇ ಮಾಡಿದೆ. ಮತ್ತೇನು, ನಾನೇ ಯಜಮಾನ ಅಂತ ಕೈಯೆತ್ತಬೇಕಿತ್ತಾ?" ಮನಸ್ಸಿನಿಂದಲೇ ಅಂದೆ. ಇವನ ಮುಖ ಸ್ವಲ್ಪ ಸಡಿಲವಾಯಿತು. ಆಮೇಲೆ ನಾನು, "ಆದ್ರೂ ಅವನಿಗೆಷ್ಟು ಧೈರ್ಯ, ನನ್ನನ್ನ ಆ ಹೆಸರು ಹಿಡಿದು ಕರೆಯೋಕೆ" ಅಂದೆ.

ಇವನು ರೇಜರ್ ಕೆಳಗಿಟ್ಟ. "ನಿಂಗೆ ಇನ್ನೂ ಅರ್ಥ ಆಗಿಲ್ವಾ? ಅವನು ನಾನಾಗಿ ಮಾತಾಡ್ತಿದ್ದ ಕಣೇ. ಅಲ್ಲೀವರೆಗೂ ಅವರಿಗೆ ಗೊತ್ತಿರಲಿಲ್ಲ."

ನಲ್ಲಿ ಸುರಿಯುತ್ತಲೇ ಇತ್ತು.

"ಹಾಗಾದ್ರೆ ನಿಂಗೆ ಅವತ್ತೇ ಗೊತ್ತಾಯ್ತಾ? ಪಕ್ಕದಲ್ಲೇ ಕೂತಿದ್ಯಲ್ಲ, ನನ್ನ ಬಾಯಿ ಯಾಕೆ ಮುಚ್ಚಲಿಲ್ಲ?"

"ನೀನು ಬಿಟ್ಟೆಯಾ? ನಿನ್ನ ಬಾಯಿ ಯಾವತ್ತಾದ್ರೂ ಮುಚ್ಚಿದೆಯಾ?"

ಆಮೇಲೆ ನಾವಿಬ್ಬರೂ ಏನೇನು ಅಂದೆವು ಅನ್ನುವುದನ್ನು ಬರೆಯುವುದಿಲ್ಲ. ಹೊರಗೆ ಅತ್ತೆ ಬಾಗಿಲು ತಟ್ಟಿ, "ನೀರು ಬಿಟ್ಟಿ ಬರುತ್ತಾ?" ಅಂದರು.

ಇರಲಿ. ಬದುಕಿದ್ದಾನೆ, ಬರುತ್ತಾನೆ. ಬಂದ ಮೇಲೆ ನಾನೇ ಹೋಗಿ ಕ್ಷಮೆ ಕೇಳುತ್ತೇನೆ. ಸಿಹಿ ಹಂಚುತ್ತೇನೆ. ಹೆಂಡತಿಗೆ ಒಂದು ಒಳ್ಳೆಯ ಶಾಲು ಕೊಡುತ್ತೇನೆ.

ನವೆಂಬರ್ ೧೨, ಬುಧವಾರ

ಸಿಕ್ಕಿದರು. ಕಾಲುವೆಯ ತೂಬಿನ ಹತ್ತಿರ.

ಸತ್ತು ಐದಾರು ದಿನವಾಗಿರಬೇಕು ಅಂದರು ಇನ್‌ಸ್ಪೆಕ್ಟರ್. ಸ್ವೆಟರಿನ ಬಣ್ಣ ಕೇಳಿದರು. ಕೆನೆ ಬಣ್ಣ ಅಂದೆ. ಈಗ ಹಾಗಿಲ್ಲ ಅಂದರು.

ನಾನು ಶನಿವಾರ ಅವರ ಹೆಂಡತಿಗೆ ಹೌದು ಅಂದಾಗ ಅವರು ಅಲ್ಲಿದ್ದರು.

ನವೆಂಬರ್ ೧೭, ಸೋಮವಾರ

ಕಾರ್ಖಾನೆಗೆ ಒಂದು ದಿನ ರಜೆ ಕೊಟ್ಟರು. ಮರುದಿನ ಹೊಲಿಗೆ ಯಂತ್ರಗಳೆಲ್ಲ ಎಂದಿನ ಹಾಗೆ. ತೀರಿಕೊಂಡವರ ಹೆಂಡತಿಗೆ ಮಾವ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಕೊಡುತ್ತೇನೆ ಅಂದರು. ಬೇಡ ಅಂದರಂತೆ. ಮಾವ, "ಸ್ವಾಭಿಮಾನದ ಹೆಂಗಸು" ಅಂತ ಎರಡು ಮೂರು ಸಲ ಎಲ್ಲರಿಗೂ ಹೇಳಿದರು, ಏನೋ ಖರ್ಚು ಉಳಿದವರ ಹಾಗೆ. ಹೀಗೆ ಬರೆಯಬಾರದು. ಬರೆದಾಗಿದೆ.

ಮನೆಯಲ್ಲಿ ಈಗ ಯಾರೂ ನನ್ನನ್ನು ಯಾವ ಹೆಸರಿನಿಂದಲೂ ಕರೆಯುವುದಿಲ್ಲ. "ಕೇಳ್ತಾ" ಅನ್ನುತ್ತಾರೆ, "ಇಲ್ನೋಡು" ಅನ್ನುತ್ತಾರೆ. ಊಟಕ್ಕೆ ಕೂತಾಗ ಅತ್ತೆ, "ಏನಮ್ಮ, ಇತ್ತೀಚೆಗೆ ಗಂಡನಿಗೆ ನೀವು ಅಂತಿದೀಯ, ಕಲಿತುಬಿಟ್ಟೆ" ಅಂತ ಮೆಚ್ಚಿದರು. ಹೌದೇ? ನನಗೆ ಗೊತ್ತೇ ಆಗಿರಲಿಲ್ಲ.

ನವೆಂಬರ್ ೨೫, ಮಂಗಳವಾರ

ಕಾರು ಒಯ್ದವರನ್ನು ಪೊಲೀಸರು ಹಿಡಿದಿದ್ದಾರೆ. ಒಬ್ಬ ಹಿಂದೆ ಒಂದೆರಡು ಸಲ ನಮ್ಮದೇ ಶೋರೂಮಿಗೆ ಸಾಮಾನು ಸಾಗಿಸಿದ್ದವನು. ನಮ್ಮ ಕಾರು ಗೊತ್ತು, ಮುಖಗಳು ಗೊತ್ತಿಲ್ಲ.

ಎಲ್ಲ ಒಪ್ಪಿಕೊಂಡಿದ್ದಾರಂತೆ. ಪೇಪರಿನಲ್ಲಿ ಬಂದಿದೆ. "ಆ ಮನೆಯ ಸೊಸೆಯೇ ಫೋನಿನಲ್ಲಿ, ಇವನು ಡ್ರೈವರ್ ಅಂತ ಹೇಳಿದಳು. ದುಡ್ಡಂತೂ ಹುಟ್ಟುವುದಿಲ್ಲ, ಮುಖ ಬೇರೆ ನೋಡಿದ್ದ, ಅದಕ್ಕೇ ಮುಗಿಸಿದೆವು." ಹೀಗೆ, ಕೆಟ್ಟುಹೋದ ಹಾಲು ಚೆಲ್ಲಿದ ಹಾಗೆ.

ಮಾವ ವಕೀಲರನ್ನು ಕರೆಸಿದರು. ವಕೀಲರು ನನಗೆ ಬಹಳ ಗೌರವ ಕೊಟ್ಟು ಮಾತಾಡಿದರು. "ನೀವು ಮೊದಲು ಕೊಟ್ಟ ಹೇಳಿಕೆ ಇದೆಯಲ್ಲ, ಅದಕ್ಕೇ ಅಂಟ್ಕೊಳ್ಳಿ. ಕೊಲೆಗಾರರ ಮಾತು ಯಾರು ನಂಬ್ತಾರೆ ಮೇಡಂ?"

ಮಾವ ನನ್ನ ತಲೆ ಸವರಿ, "ಹೆದರ್ಬೇಡ ಮಗಳೇ, ನಾವಿದೀವಿ" ಅಂದರು. ಮದುವೆಯಾದ ಮೇಲೆ ಮೊದಲ ಸಲ ಮಗಳೇ ಅಂದಿದ್ದು. ನನಗೆ ವಾಂತಿ ಬರುವ ಹಾಗಾಗಿ ಎದ್ದು ಹೋದೆ. ಅತ್ತೆ ಅದನ್ನು ಬೇರೆ ಅರ್ಥ ಮಾಡಿಕೊಂಡು ಖುಷಿಯಾದರು.

ಮುಂದಿನ ಗುರುವಾರ ಇನ್‌ಸ್ಪೆಕ್ಟರ್ ಮತ್ತೆ ಹೇಳಿಕೆ ತೆಗೆದುಕೊಳ್ಳುತ್ತಾರಂತೆ, ಠಾಣೆಯಲ್ಲಿ.

ಡಿಸೆಂಬರ್ ೩, ಬುಧವಾರ

ಕಾರನ್ನು ಪೊಲೀಸರು ವಾಪಸು ಕೊಟ್ಟಿದ್ದಾರೆ. ಅದರಲ್ಲಿ ಅವರ ನೀರಿನ ಬಾಟಲಿ, ಬಾಚಣಿಗೆ, ಓದುವ ಕನ್ನಡಕ ಉಳಿದಿದ್ದವು. ಅವರ ಹೆಂಡತಿ ಬಂದರು. ಕೊಡೋಣ ಅಂತ ನಾನೇ ಗ್ಯಾರೇಜಿಗೆ ಕರೆದುಕೊಂಡು ಹೋದೆ.

ಕನ್ನಡಕ ಬಿಚ್ಚಿ ನೋಡಿ, ಮಡಿಸಿ, ಚೀಲಕ್ಕೆ ಹಾಕಿಕೊಂಡರು. ಹೊರಡಲಿಲ್ಲ.

"ಒಂದು ಮಾತು ಮೇಡಂ. ಬೇಜಾರು ಮಾಡ್ಕೋಬೇಡಿ. ನನ್ನ ಜೊತೆ ಇಸ್ತ್ರಿ ಮಾಡೋಳು ಒಬ್ಳು ಪೇಪರ್ ತಂದು ಓದಿದ್ಲು. ಆ ಮನೆ ಸೊಸೆನೇ ಹೇಳಿಬಿಟ್ಲಂತೆ ಅಂತ. ನಂಗೆ ಎಲ್ಲಿತ್ತೋ ಸಿಟ್ಟು, ಕೈಲಿ ಕಾದ ಇಸ್ತ್ರಿಪೆಟ್ಟಿಗೆ, ಹಾಗೇ ಅವಳ ಮೇಲೆ ಹೋದೆ. ನಮ್ಮ ಮೇಡಂ ಅಂಥೋರಲ್ಲ ಕಣೇ, ಮೈಮೇಲೆ ಬಟ್ಟೆ ಕೊಟ್ಟೋರು, ಅವರು ಯಾಕೆ ಹಾಗಂತಾರೆ ಅಂದೆ. ಎಲ್ಲರೂ ಹಿಡ್ಕೊಂಡ್ರು. ಮಾಲೀಕ ಇನ್ನು ಕೆಲಸಕ್ಕೆ ಬರಬೇಡ ಅಂದ." ಸ್ವಲ್ಪ ನಕ್ಕರು. "ನೀವೇನೂ ಯೋಚನೆ ಮಾಡ್ಬೇಡಿ. ಇಸ್ತ್ರಿ ಕೆಲಸ ಎಲ್ಲಾದ್ರೂ ಸಿಗುತ್ತೆ. ಜನ ಏನೋ ಅಂದ್ರೂ ನಾನು ನಂಬಲ್ಲ ಅಂತ ನಿಮಗೆ ಗೊತ್ತಿರ್ಲಿ ಅಂತ ಬಂದೆ."

ಭೂಮಿ ಬಾಯ್ಬಿಡಬಾರದೇ ಅನ್ನುತ್ತಾರಲ್ಲ. ಬಿಡುವುದಿಲ್ಲ. ಗ್ಯಾರೇಜಿನ ನೆಲ ಸಿಮೆಂಟಿನದು.

"ನಾನೇ ಹೇಳಿದ್ದು," ಅಂದೆ.

ಅವರಿಗೆ ಕೇಳಿಸಲಿಲ್ಲವೇನೋ ಅನ್ನಿಸಿತು. ಮತ್ತೆ ಹೇಳಿದೆ. "ಪೇಪರಲ್ಲಿ ಬಂದಿರೋದು ನಿಜ. ಅವರನ್ನ ಡ್ರೈವರ್ ಅಂತ ಹೇಳಿದ್ದು ನಾನೇ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೇಳಿದ್ದು ನಾನು ಎಣಿಸಿದ್ದನ್ನಲ್ಲ.

"ಅಂದ್ರೆ ಅವರು ಮಾತಾಡಿದ್ರಾ? ಅಮ್ಮಾವ್ರು ಇಲ್ಲ ಅಂದ್ರಲ್ಲ?"

"ಮಾತಾಡಿದ್ರು."

"ಏನಂದ್ರು? ಅವರು ಅಂದ ಹಾಗೇ ಹೇಳಿ."

ಹೇಳಿದೆ. ಗಿಲಕಿ ಅಂದದ್ದು, ಕಣೇ ಅಂದದ್ದು, ಅಪ್ಪಂಗೆ ಹೇಳು ಅಂದದ್ದು. ಗಿಲಕಿ ಯಾರು ಅಂತಲೂ ಹೇಳಬೇಕಾಯಿತು.

"ಚಿಕ್ಕ ಸಾರ್ ಥರಾನೇ ಅಂದ್ರಾ?"

"ಥೇಟ್."

"ಮನೇಲಿ ಎಲ್ಲರ ಥರಾನೂ ಮಾಡಿ ನಗಿಸೋರು," ಅಂದರು, ನನಗಲ್ಲ, ಕಾರಿಗೆ ಹೇಳುವ ಹಾಗೆ. "ನಿಮ್ಮ ಮಾವನೋರ ಕೆಮ್ಮಂತೂ... ಮಗಳು ಇನ್ನೊಂದ್ಸಲ ಇನ್ನೊಂದ್ಸಲ ಅನ್ನೋಳು." ಆಮೇಲೆ ನನ್ನ ಕಡೆ ತಿರುಗಿ, "ನೀವು ಹಾಗಂದ ಮೇಲೆ? ಆಮೇಲೆ ಅವರು ಏನೂ ಅನ್ನಲಿಲ್ವಾ?"

ಈ ಪುಸ್ತಕದಲ್ಲಿ ನಾನು "ಏನೋ ಅಂದ" ಅಂತ ಬರೆದಿದ್ದೇನೆ. ಏನೋ ಅಲ್ಲ. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತ್ತು. ಕಾರಿನ ಬಾಗಿಲು ನನ್ನ ಬೆರಳಿಗೆ ತಾಗಿದಾಗ ಅನ್ನುತ್ತಿದ್ದರಲ್ಲ, ಬ್ರೇಕು ಹಾಕಿ ನಾನು ಮುಗ್ಗರಿಸಿದಾಗ ಅನ್ನುತ್ತಿದ್ದರಲ್ಲ, ಅದೇ ದನಿ.

"ತಪ್ಪಾಯ್ತು ಮೇಡಂ, ಅಂದ್ರು."

ಅವರ ಹೆಂಡತಿ ಕಾರಿನ ಬಾನೆಟ್ಟಿನ ಮೇಲೆ ಕೈಯೂರಿದರು. ಅಳಲಿಲ್ಲ. ಮುಖ ಕೆಂಪಾಯಿತು, ಕಿವಿಯವರೆಗೂ. ನನಗೆ ಆ ಬಣ್ಣ ಗೊತ್ತು.

"ನಾಳೆ ಠಾಣೆಗೆ ನನ್ನನ್ನೂ ಕರ್ದಿದಾರೆ. ನೀವು ಪೊಲೀಸರಿಗೆ ಹೇಳ್ತೀರಾ?"

"ಹೇಳ್ತೀನಿ. ಎಲ್ಲಾ ಹೇಳ್ತೀನಿ."

"ನೀವು ಅಂದಿದ್ದು ಹೇಳಿ. ಅವರು ಚಿಕ್ಕ ಸಾರ್ ಥರ ಮಾತಾಡಿದ್ದು ಹೇಳಿ. ಕೊನೇ ಮಾತು ಮಾತ್ರ ಬೇಡ. ಅದನ್ನ ಕೋರ್ಟಲ್ಲಿ ಎಲ್ಲರ ಎದುರು ಓದ್ತಾರೆ. ಮಗಳು ದೊಡ್ಡೋಳಾಗಿ ಎಲ್ಲಾದ್ರೂ ಓದ್ತಾಳೆ." ಚೀಲ ಹೆಗಲಿಗೇರಿಸಿಕೊಂಡರು. "ಅವರು ನಿಮಗೆ ಯಾವ ತಪ್ಪೂ ಮಾಡಿರ್ಲಿಲ್ಲ."

ಬರ್ತೀನಿ ಅನ್ನದೆ ಹೋದರು.

ಡಿಸೆಂಬರ್ ೪, ಗುರುವಾರ

ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಮಾವ, "ವಕೀಲರು ಹೇಳಿದ್ದು ನೆನಪಿದೆ ತಾನೇ?" ಅಂದರು. ಇದ್ದದ್ದನ್ನೇ ಹೇಳುತ್ತೇನೆ ಅಂದೆ. ಅತ್ತೆ, "ಈ ಮನೆ ಮಾನ ಬೀದಿಗೆ ಹಾಕೋಕೇ ನಿನ್ನನ್ನ ಓದಿಸಿದ್ರಾ ನಿಮ್ಮಪ್ಪ?" ಅಂದರು. ನಾನು ಮೆಟ್ಟಿಲಿಳಿದೆ. ಅವರು ಗೇಟಿನವರೆಗೆ ಹಿಂದೆಯೇ ಬಂದರು. ನನ್ನ ಗಂಡ.

"ಕಾರು ಇಳಿದ ವಿಷಯಾನೂ ಹೇಳ್ತೀಯಾ?"

"ಅದು ನಿಮ್ಮ ವಿಷಯ. ನೀವೇ ಹೇಳಿ."

ಅವರು ಗೇಟಿನ ಚಿಲಕವನ್ನು ಹಾಕುತ್ತ ತೆಗೆಯುತ್ತ ನಿಂತಿದ್ದರು. ಕಿವಿಯ ಊತ ಪೂರ್ತಿ ಇಳಿದಿದೆ.

ಇನ್‌ಸ್ಪೆಕ್ಟರ್ ಎದುರು ನಾನು ನಿಧಾನವಾಗಿ ಹೇಳಿದೆ. ನನಗೆ ಅಷ್ಟು ನಿಧಾನವಾಗಿ ಮಾತಾಡಲು ಬರುತ್ತದೆ ಅಂತ ಗೊತ್ತಿರಲಿಲ್ಲ. ಬರೆದುಕೊಳ್ಳುತ್ತಿದ್ದವರು ಗಿಲಕಿ ಅನ್ನುವಲ್ಲಿ ಪೆನ್ನು ನಿಲ್ಲಿಸಿ, "ಅದೇನು ಮೇಡಂ?" ಅಂದರು. ನನ್ನ ಹೆಸರು ಅಂದೆ. ಪಕ್ಕದ ಮೇಜಿನವರು ತಲೆ ಎತ್ತಿ ನೋಡಿದರು. ನೋಡಲಿ.

"ನೀವು ಹಾಗೆ ಹೇಳಿದ ಮೇಲೆ ಮೃತರು ಏನಾದರೂ ಮಾತಾಡಿದರೇ?"

"ಇಲ್ಲ ಸಾರ್."

"ನೆನಪು ಮಾಡಿಕೊಂಡು ಹೇಳಿ."

"ಏನೂ ಅನ್ನಲಿಲ್ಲ ಸಾರ್. ಅನ್ನೋಕೆ ಅವರಿಗೆ ಏನಿತ್ತು?"

ಓದಿ ಹೇಳಿದರು, ಸಹಿ ಹಾಕಿದೆ.

ಹೊರಗೆ ಗೋಡೆಗೆ ಆನಿಸಿದ ಬೆಂಚಿನ ಮೇಲೆ ಅವರ ಹೆಂಡತಿ ಕೂತಿದ್ದರು. ಪಕ್ಕದಲ್ಲಿ ಜಾಗವಿತ್ತು. ಚೀಲವನ್ನು ಅಲ್ಲಿಂದ ತೆಗೆಯಲಿಲ್ಲ. ನಾನು ನಿಂತೇ ಇದ್ದೆ.

"ಹೇಳಿದ್ರಾ?"

"ಹೇಳಿದೆ."

"ಅದು?"

"ಇಲ್ಲ."

ಅವರು ತಲೆಯಾಡಿಸಿದರು. "ಸರಿ. ಇನ್ನು ನೀವು ಹೊರಡಿ."